ತನುವಿನ ದಾಸೋಹ

ಶರಣಧರ್ಮದಲ್ಲಿ ದಾಸೋಹವು ತ್ರಿವಿಧವಾದುದು. ತನುವನ್ನು ಗುರುವಿಗೂ, ಮನವನ್ನು ಲಿಂಗಕ್ಕೂ, ಧನವನ್ನು ಜಂಗಮಕ್ಕೂ ಸಮರ್ಪಿಸಿ, ಸಮರ್ಪಿಸಿದೆನೆಂಬ ಅಹಂಭಾವವನ್ನೂ ಉಳಿಸಿಕೊಳ್ಳದೆ ನಡೆಯುವವನೇ ಭಕ್ತನು. ಈ ಮೂರರಲ್ಲಿ ಧನದ ದಾಸೋಹವು ಇಂದಿಗೂ ಎಲ್ಲರ ಕಣ್ಣಿಗೆ ಕಾಣುವಂತೆ ನಡೆದು ಬಂದಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದ ಅನ್ನ, ಅಕ್ಷರ, ಆಶ್ರಯಗಳ ಸೇವೆಯಲ್ಲಿ ಅಸಂಖ್ಯ ಭಕ್ತರ ಧನವೂ ಧಾನ್ಯವೂ ಸೇರಿ ಪಾವನವಾದುವು. ಮನದ ದಾಸೋಹವು ನಿತ್ಯದ ಇಷ್ಟಲಿಂಗಪೂಜೆಯಲ್ಲಿ ನಡೆಯುತ್ತದೆ. ತನುವಿನ ದಾಸೋಹವು ಕಾಯಕದಲ್ಲಿ ನಡೆಯುತ್ತದೆ. ಆದರೆ ಆ ತನುವು ಕಾಯಕಕ್ಕೆ ನಿಲ್ಲದ ಹೊತ್ತು ಬಂದಾಗ, ಎಂದರೆ ಪ್ರಾಣವು ಅಗಲಿದ ಮೇಲೆ, ಅದರ ದಾಸೋಹವು ಮುಗಿಯಿತೆ? ಹಿಂದಿನ ಕಾಲದಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ವೈದ್ಯಶಾಸ್ತ್ರದ ಮುನ್ನಡೆಯಿಂದ ಇಂದು ಅದು ಪ್ರತಿಯೊಬ್ಬ ಗೃಹಸ್ಥನ ಬಾಗಿಲಿಗೆ ಬಂದು ನಿಂತಿದೆ.

ಒಬ್ಬರ ಅಂಗವನ್ನು ಮತ್ತೊಬ್ಬರ ದೇಹದಲ್ಲಿ ನೆಲೆಗೊಳಿಸುವ ವಿದ್ಯೆಯು ಹೆಚ್ಚು ಹಳೆಯದಲ್ಲ. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಜೋಡಿಸಿ ಸಫಲರಾದರು. 1967ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯವೊಂದು ಇನ್ನೊಬ್ಬ ಮನುಷ್ಯನ ಎದೆಯಲ್ಲಿ ಮಿಡಿಯಿತು. ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯಿದೆಯು ಈ ಕಾರ್ಯಕ್ಕೆ ಕಟ್ಟಳೆಯನ್ನು ವಿಧಿಸಿತು. ಕರ್ನಾಟಕದಲ್ಲಿ 2007ರಿಂದ ಇದಕ್ಕಾಗಿಯೇ ಒಂದು ಸಮನ್ವಯ ಸಮಿತಿಯಿದ್ದು, ಅದು ಈಗ ‘ಜೀವಸಾರ್ಥಕತೆ’ ಎಂಬ ಹೆಸರಿನಿಂದ ಕೆಲಸ ಮಾಡುತ್ತಿದೆ. ಒಬ್ಬ ಮೃತನಿಂದ ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ ಮೊದಲಾದುವು ದೊರೆತು ಎಂಟು ಜನರವರೆಗೆ ಜೀವದಾನವಾಗಬಲ್ಲುದು.

ಜೆ.ಪಿ. ನಗರದ ನಿದರ್ಶನ

2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದ 7ನೆಯ ಹಂತದಲ್ಲಿ, ಸ್ನೇಹಿತರ ಬೈಕಿನ ಹಿಂಬದಿಯಲ್ಲಿ ಕುಳಿತಿದ್ದ ನಟ ಸಂಚಾರಿ ವಿಜಯ್ ಅವರು ಅಪಘಾತಕ್ಕೆ ಈಡಾದರು. ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದಿದ್ದ ಈ ಕಲಾವಿದರು ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು. ಕೋವಿಡ್ ಪೀಡೆಯ ಆ ದಿನಗಳಲ್ಲಿ ಕಷ್ಟದಲ್ಲಿದ್ದವರಿಗೆ ನೆರವು ಮುಟ್ಟಿಸುವ ಕೆಲಸದಲ್ಲಿ ತೊಡಗಿದ್ದರು. ಬನ್ನೇರುಘಟ್ಟ ರಸ್ತೆಯ ಅಪೊಲೊ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ಮಿದುಳು ನಿಷ್ಕ್ರಿಯವಾಯಿತೆಂಬುದು ತಿಳಿದುಬಂದಾಗ ಅವರ ಕುಟುಂಬದವರು ಅಂಗದಾನಕ್ಕೆ ಸಮ್ಮತಿಯಿತ್ತರು. ಯಕೃತ್ತು, ಎರಡು ಮೂತ್ರಪಿಂಡಗಳು, ಹೃದಯದ ಕವಾಟಗಳು ಮತ್ತು ಕಣ್ಣುಗಳನ್ನು ದಾನ ಮಾಡಲಾಯಿತು. ಜೂನ್ 15ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ ಅಗಲಿದ ಅವರ ಅಂತ್ಯಕ್ರಿಯೆಯು ಹುಟ್ಟೂರಾದ ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವಗಳೊಡನೆ ನೆರವೇರಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಸಮ್ಮತಿಯನ್ನು ಕೊಟ್ಟವರು ಮಡಿದವರಲ್ಲ, ಉಳಿದವರು. ಹರೆಯದ ಮಗನನ್ನೋ ತಮ್ಮನನ್ನೋ ಕಳೆದುಕೊಳ್ಳುತ್ತಿರುವ ಗಳಿಗೆಯಲ್ಲಿ, ಕಣ್ಣೀರು ಒರಸಿಕೊಳ್ಳುವಷ್ಟೂ ಅವಕಾಶವಿಲ್ಲದಾಗ, ಇತರರ ಮನೆಯ ದೀಪವನ್ನು ನೆನೆಯುವುದು ಸುಲಭವಲ್ಲ. ಧನವನ್ನು ಕೊಡುವವನು ಮರುದಿನ ಮತ್ತೆ ಗಳಿಸಬಲ್ಲನು. ಈ ದಾಸೋಹದಲ್ಲಿ ಅಂತಹ ಮರುದಿನವಿಲ್ಲ.

ಮಿದುಳಿನ ಮರಣ

ಈ ಸಂದರ್ಭದಲ್ಲಿ ಮನೆಯವರನ್ನು ಬಹಳವಾಗಿ ಕಾಡುವುದು ಕಣ್ಣೆದುರಿನ ದೃಶ್ಯ. ಮಲಗಿರುವವರ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ನಾಡಿ ಬಡಿಯುತ್ತಿರುತ್ತದೆ. ಹೀಗಿರುವಾಗ ಮರಣವಾಗಿದೆಯೆಂದು ನಂಬುವುದೆಂತು? ಉಸಿರಾಟವನ್ನು ಆಳುವುದು ಮಿದುಳಿನ ಕಾಂಡ. ಅದು ಸಂಪೂರ್ಣವಾಗಿ ನಾಶವಾದರೆ ಉಸಿರು ತಾನಾಗಿ ಮರಳದು; ಯಂತ್ರವು ಗಾಳಿಯನ್ನು ತುಂಬುತ್ತಿರುವುದರಿಂದ ಹೃದಯವು ಕೆಲಕಾಲ ಬಡಿಯುತ್ತದೆ, ಅಷ್ಟೆ. ಎಚ್ಚರ ತಪ್ಪಿ ಬಹುದಿನ ಮಲಗಿದ್ದು ಮರಳಿ ಕಣ್ತೆರೆದವರ ಸ್ಥಿತಿಯೇ ಬೇರೆ. ಅವರಲ್ಲಿ ಮಿದುಳಿನ ಕಾಂಡವು ಜೀವಂತವಾಗಿರುತ್ತದೆ.

ಈ ನಿರ್ಣಯವನ್ನು ಒಬ್ಬರೇ ಮಾಡುವಂತಿಲ್ಲ. ನಾಲ್ವರು ವೈದ್ಯರ ಮಂಡಳಿಯು ಪರೀಕ್ಷಿಸಬೇಕು. ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಅದೇ ಪರೀಕ್ಷೆಗಳು ನಡೆಯಬೇಕು. ಅಂಗವನ್ನು ಕಸಿ ಮಾಡುವ ವೈದ್ಯರು ಆ ಮಂಡಳಿಯಲ್ಲಿರಕೂಡದು. ಎರಡನೆಯ ಪರೀಕ್ಷೆಯೂ ಮುಗಿದು ಮರಣವು ನಿಶ್ಚಿತವಾದ ಬಳಿಕವೇ, ಮನೆಯವರು ಒಪ್ಪಿದರೆ, ಮುಂದಿನ ಕೆಲಸ. ಅಲ್ಲಿಂದಾಚೆಗೆ ಕಾಲವು ಬಹಳ ಅಲ್ಪ. ಹೊರತೆಗೆದ ಹೃದಯವು ನಾಲ್ಕಾರು ಗಂಟೆಗಳಲ್ಲಿ ಮತ್ತೊಂದು ಎದೆಯನ್ನು ಸೇರಬೇಕು. ಯಕೃತ್ತಿಗೆ ಸುಮಾರು ಹನ್ನೆರಡು ಗಂಟೆಗಳ ಅವಧಿ. ಮೂತ್ರಪಿಂಡವು ಒಂದು ದಿನ ತಾಳಬಲ್ಲುದು. ಆದುದರಿಂದಲೇ 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೃದಯವೊಂದನ್ನು ಪೋಲೀಸರು ದಾರಿ ತೆರವು ಮಾಡಿಸಿ ವಿಮಾನದಲ್ಲಿ ಚೆನ್ನೈಗೆ ಕಳುಹಿದರು. 2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿನಗರದ ಕಡೆಗೆ ಯಕೃತ್ತೊಂದು ನಮ್ಮ ಮೆಟ್ರೊ ರೈಲಿನಲ್ಲಿಯೇ ಪ್ರಯಾಣ ಮಾಡಿತು.

ಭಕ್ತರ ಸಂದೇಹಗಳು

ಲಿಂಗದೀಕ್ಷೆಯಿಂದ ಸಂಸ್ಕಾರಗೊಂಡ ದೇಹಕ್ಕೆ ಶಸ್ತ್ರವನ್ನು ತಾಗಿಸಬಹುದೆ? ಅಂಗಹೀನವಾದ ದೇಹವನ್ನು ಸಮಾಧಿಯಲ್ಲಿ ಇರಿಸಿದರೆ ಐಕ್ಯಕ್ಕೆ ಕುಂದು ಬಾರದೆ? ಈ ಸಂದೇಹಗಳು ಶ್ರದ್ಧೆಯಿಂದಲೇ ಹುಟ್ಟಿದವುಗಳಾದುದರಿಂದ ಇವನ್ನು ಅಲ್ಲಗಳೆಯದೆ ವಿಚಾರಿಸಬೇಕು.

ಬಸವಣ್ಣನವರು ಶರೀರವನ್ನು ಶಿವನ ಆಲಯವೆಂದೇ ಕಂಡರು. ಕಲ್ಲಿನ ಗುಡಿಗಿಂತ ನಡೆದಾಡುವ ಈ ಗುಡಿಯೇ ಮಿಗಿಲೆಂದು ಸಾರಿದರು. ಆ ಹಿರಿಮೆಯು ದೇಹಕ್ಕೆ ಬಂದುದು ಅದರೊಳಗಿನ ಚೈತನ್ಯದಿಂದ. ಲಿಂಗಾಂಗಸಾಮರಸ್ಯವು ಮಾಂಸಖಂಡಗಳ ಎಣಿಕೆಯನ್ನು ಅವಲಂಬಿಸಿಲ್ಲ. ರೋಗದಿಂದ ಕಾಲನ್ನು ಕಳೆದುಕೊಂಡವರೂ, ಶಸ್ತ್ರಚಿಕಿತ್ಸೆಯಲ್ಲಿ ಒಂದು ಮೂತ್ರಪಿಂಡವನ್ನು ತೆಗೆಸಿಕೊಂಡವರೂ ನಮ್ಮಲ್ಲಿ ಲಿಂಗೈಕ್ಯರಾಗುತ್ತಾರೆ. ಅವರಿಗೆ ವಿಭೂತಿ ಬಿಲ್ವಪತ್ರೆಗಳೊಡನೆ ಸಮಾಧಿಯನ್ನು ಕೊಡುತ್ತೇವೆ. ಅವರ ಐಕ್ಯವನ್ನು ಯಾರೂ ಅರೆಯೆಂದು ಎಣಿಸುವುದಿಲ್ಲ. ದಾನಿಯ ವಿಷಯದಲ್ಲಿ ಮಾತ್ರ ಹಾಗೆಣಿಸಲು ಕಾರಣವೇನು? ಶಸ್ತ್ರಚಿಕಿತ್ಸೆಗೆ ಒಳಗಾಗುವ ಭಕ್ತನ ಇಷ್ಟಲಿಂಗವನ್ನು ಮನೆಯವರು ಶುಚಿಯಾಗಿ ಕಾಪಾಡಿ ಮರಳಿ ಧಾರಣ ಮಾಡಿಸುವಂತೆ, ಇಲ್ಲಿಯೂ ಕಾಪಾಡಿ ಅಂತ್ಯಕ್ರಿಯೆಯ ಕಾಲದಲ್ಲಿ ಕರಸ್ಥಲದಲ್ಲಿ ಇರಿಸಬಹುದು. ವೈದ್ಯರು ದೇಹವನ್ನು ಹೊಲಿದು ಮರಳಿಸುವುದರಿಂದ ಕುಳ್ಳಿರಿಸಿ ಸಮಾಧಿ ಮಾಡುವುದಕ್ಕೆ ಅಡ್ಡಿಯಿಲ್ಲ. ಅಪಘಾತದಲ್ಲಿ ಮಡಿದವರ ದೇಹಕ್ಕಾದರೋ ಕಾನೂನಿನಂತೆ ಮರಣೋತ್ತರ ಪರೀಕ್ಷೆಯು ಹೇಗೂ ನಡೆಯುತ್ತದೆ.

ಶರಣರು ಮರಣಕ್ಕೆ ಸೂತಕವನ್ನೇ ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಮಡಿದವನ ದೇಹವು ಹೊಲೆಯೆಂಬ ಭಾವನೆಯಿಲ್ಲದ ಧರ್ಮದಲ್ಲಿ, ಆ ದೇಹದ ಒಂದು ಭಾಗವು ಮತ್ತೊಬ್ಬರೊಳಗೆ ಬಾಳುವುದನ್ನು ಅಶುಚಿಯೆನ್ನಲು ಎಡೆಯಿಲ್ಲ. ದೇಹದ ಕಡೆಯ ವ್ಯವಸ್ಥೆಯಲ್ಲಿ ರೂಢಿಗಿಂತ ಭಾವವೇ ಮುಖ್ಯವೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವೂ ಉಂಟು. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ಅವರು ಮೊದಲೇ ಬರೆದಿಟ್ಟಿದ್ದ ಇಚ್ಛೆಯಂತೆ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು. ಗದ್ದುಗೆಯಾಗಲಿ ಸ್ಮಾರಕವಾಗಲಿ ಬೇಡವೆಂದೂ ಅವರು ತಿಳಿಸಿದ್ದರು. ಭಕ್ತರು ಆ ಮಾತನ್ನು ಶಿರಸಾವಹಿಸಿ ನಡೆಸಿದರು.

ಹೆಚ್ಚಿನ ಅಕ್ಕಿ

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಮನೆಯಿಲ್ಲ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ತಮ್ಮದಲ್ಲವೆಂದೂ, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರಬೇಕೆಂದೂ ಗಂಡನಿಗೆ ತಿಳಿಯಹೇಳಿದಳು. ಮಾರಯ್ಯನು ಆ ಮಾತನ್ನು ನಡೆಸಿದನು.

ಬದುಕಿರುವವರೆಗೆ ಕಣ್ಣು, ಹೃದಯ, ಮೂತ್ರಪಿಂಡಗಳು ಅಂದಂದಿನ ಕಾಯಕಕ್ಕೆ ಬೇಕಾದ ಅಕ್ಕಿಯಂತೆ. ಪ್ರಾಣವು ಅಗಲಿದ ಬಳಿಕ ಅವು ಹೆಚ್ಚಿನ ಅಕ್ಕಿ. ಅವನ್ನು ಕಟ್ಟಿಟ್ಟುಕೊಂಡು ಹೋಗುವ ಊರಾವುದು? ಅದೇ ಹೊತ್ತಿನಲ್ಲಿ ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಂತಹ ಎಡೆಗಳಲ್ಲಿ ಎಷ್ಟೋ ಮಂದಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ, ಪ್ರತಿಸಲವೂ ನಾಲ್ಕು ಗಂಟೆಗಳ ಕಾಲ ಯಂತ್ರಕ್ಕೆ ರಕ್ತವನ್ನು ಒಪ್ಪಿಸಿ ಬರುತ್ತಿರುವರು. ಕುಡಿಯುವ ನೀರನ್ನೂ ಅಳೆದು ಕುಡಿಯುವ ಬಾಳು ಅವರದು. ಕಸಿಯಾದವರು ಜೀವನಪರ್ಯಂತ ಔಷಧವನ್ನು ಸೇವಿಸಬೇಕು, ನಿಜ. ಆದರೂ ಅವರು ಮರಳಿ ಕಾಯಕಕ್ಕೆ ನಿಲ್ಲಬಲ್ಲರು, ಮಕ್ಕಳೊಡನೆ ಕುಳಿತು ಉಣ್ಣಬಲ್ಲರು. ಇಂಥವರ ಸಾಲು ಉದ್ದವಾಗಿದೆ. 2023ರಲ್ಲಿ ಇಡೀ ಕರ್ನಾಟಕದಲ್ಲಿ ಮರಣಾನಂತರ ಅಂಗದಾನವಾದುದು 178 ಮಂದಿಯಿಂದ ಮಾತ್ರ.

ಮೃತರಿಂದ ದೊರೆಯದ ಮೂತ್ರಪಿಂಡವನ್ನು ಬದುಕಿರುವ ಬಂಧುಗಳೇ ಕೊಡಬೇಕಾಗುತ್ತದೆ. ಭಾರತದಲ್ಲಿ ಹೀಗೆ ಕೊಡುವವರಲ್ಲಿ ತಾಯಂದಿರು, ಹೆಂಡಂದಿರು ಮೊದಲಾದ ಸ್ತ್ರೀಯರೇ ಹೆಚ್ಚು. ಪಡೆಯುವವರಲ್ಲಿ ಪುರುಷರು ಹೆಚ್ಚು. ಸ್ತ್ರೀಪುರುಷರಲ್ಲಿ ಭೇದವೆಣಿಸದ ಶರಣರ ಸಂತತಿಯವರು ಈ ಮಾತನ್ನು ಕೇಳಿ ಸುಮ್ಮನಿರಲಾಗದು. ಮಣ್ಣಿಗೆ ಹೋಗುವ ಅಂಗವನ್ನು ಉಳಿಸಿಕೊಟ್ಟರೆ, ಬದುಕಿರುವ ಗೃಹಿಣಿಯೊಬ್ಬಳ ಮೈಗೆ ಶಸ್ತ್ರ ತಾಗುವುದು ತಪ್ಪಬಹುದು.

ಅಂಗವನ್ನು ಮಾರುವುದನ್ನೂ ಕೊಳ್ಳುವುದನ್ನೂ ಕಾಯಿದೆಯು ನಿಷೇಧಿಸಿದೆ. ದೊರೆತ ಅಂಗವು ರಕ್ತದ ಗುಂಪು, ರೋಗದ ತೀವ್ರತೆ, ಸರದಿ ಮೊದಲಾದುವನ್ನು ನೋಡಿ ಸಲ್ಲತಕ್ಕುದೇ ಹೊರತು ಕುಲವನ್ನು ನೋಡಿಯಲ್ಲ. ಪಡೆದವರಾರೆಂಬುದನ್ನು ದಾನಿಯ ಮನೆಗೆ ತಿಳಿಸುವುದಿಲ್ಲ. ದಾನದಲ್ಲಿ ಕೊಟ್ಟವನು ಮೇಲೆ, ಕೊಂಡವನು ಕೆಳಗೆ ನಿಲ್ಲುವುದುಂಟು. ಆ ಎತ್ತರ ತಗ್ಗುಗಳನ್ನು ಅಳಿಸಿದುದು ಬಸವಣ್ಣನವರ ದಾಸೋಹ. ಕೊಟ್ಟವನ ಹೆಸರಿಲ್ಲದೆ, ಕೊಂಡವನ ಹಂಗಿಲ್ಲದೆ, ಕುಲವನ್ನು ಕೇಳದೆ ಸಲ್ಲುವ ಈ ಸಮರ್ಪಣೆಗೆ ಅಂಗದಾನವೆಂಬ ಹೆಸರಿಗಿಂತ ತನುವಿನ ದಾಸೋಹವೆಂಬ ಹೆಸರೇ ಒಪ್ಪುತ್ತದೆ.

ಕಣ್ಣಿನ ಮಾತು

ಅಂಗದಾನದ ಸಂದರ್ಭವು ಎಲ್ಲರಿಗೂ ಬಾರದು. ಅದು ಆಸ್ಪತ್ರೆಯಲ್ಲಿ ಮಿದುಳಿನ ಮರಣ ಹೊಂದಿದವರಿಗೆ ಮಾತ್ರ ಸಾಮಾನ್ಯವಾಗಿ ಒದಗುವುದು. ಕಣ್ಣಿನ ದಾನವಾದರೋ ಮನೆಯಲ್ಲಿ ವೃದ್ಧಾಪ್ಯದಿಂದ ಲಿಂಗೈಕ್ಯರಾದವರಿಗೂ ಸಾಧ್ಯ. ಪುರಾತನರಲ್ಲಿ ಬೇಡರ ಕಣ್ಣಪ್ಪನು ಶಿವನ ಕಣ್ಣಿನಲ್ಲಿ ನೆತ್ತರು ಹರಿದುದನ್ನು ಕಂಡು ತನ್ನ ಕಣ್ಣನ್ನೇ ಕಿತ್ತು ಒಪ್ಪಿಸಿದನು. 1954ರಲ್ಲಿ ಆ ಕಣ್ಣಪ್ಪನ ಪಾತ್ರದಿಂದ ನಾಯಕನಟರಾದ ಡಾ. ರಾಜ್‌ಕುಮಾರ್ ಅವರು 2006ರ ಏಪ್ರಿಲ್ 12ರಂದು ಅಗಲಿದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರಿನಲ್ಲಿ ಅಕಾಲದಲ್ಲಿ ಅಗಲಿದ ಅವರ ಮಗ ಪುನೀತ್ ರಾಜ್‌ಕುಮಾರ್ ಅವರ ಕಣ್ಣಿನ ಪಾರದರ್ಶಕ ಪಟಲಗಳನ್ನು ಪದರಪದರವಾಗಿ ಬಿಡಿಸಿ, ನಾಲ್ವರಿಗೆ ದೃಷ್ಟಿ ಬರುವಂತೆ ವೈದ್ಯರು ಮಾಡಿದರು. ಕಣ್ಣಪ್ಪನು ಬದುಕಿದ್ದಾಗಲೇ ಕೊಟ್ಟನು. ಇಂದಿನ ಭಕ್ತನಿಂದ ಅಷ್ಟನ್ನು ಯಾರೂ ಬೇಡುತ್ತಿಲ್ಲ.

ಕಣ್ಣಿನ ದಾನಕ್ಕೆ ಮರಣವಾದ ಆರು ಗಂಟೆಗಳೊಳಗಾಗಿ ನೇತ್ರನಿಧಿಗೆ ಹೇಳಿಕಳುಹಬೇಕು. ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆಯ ಹತ್ತಿಯನ್ನಿಡಬೇಕು; ಬೀಸಣಿಗೆಯನ್ನು ನಿಲ್ಲಿಸಬೇಕು; ತಲೆಯನ್ನು ತುಸು ಎತ್ತರದಲ್ಲಿರಿಸಬೇಕು. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಮುಖವು ವಿಕಾರವಾಗದುದರಿಂದ, ಐಕ್ಯರಾದವರನ್ನು ಕುಳ್ಳಿರಿಸಿ ವಿಭೂತಿಯಿಟ್ಟು ದರ್ಶನ ಮಾಡಿಸುವ ಸಂಪ್ರದಾಯಕ್ಕೆ ಯಾವ ಕೊರತೆಯೂ ಬಾರದು.

ಮನೆಯಲ್ಲಿ ಆಗಬೇಕಾದುದು

ಪ್ರತಿಜ್ಞಾಪತ್ರವನ್ನು ಬರೆದುಕೊಡುವುದು ಒಳ್ಳೆಯದು. ಆದರೆ ಅದೊಂದೇ ಸಾಲದು. ಪತ್ರವಿದ್ದರೂ ಆಸ್ಪತ್ರೆಯವರು ಹೆಂಡತಿ, ಗಂಡ, ಮಕ್ಕಳು ಇವರ ಒಪ್ಪಿಗೆಯನ್ನು ಕೇಳಿಯೇ ಮುಂದುವರಿಯುವರು. ಮನೆಯವರು ಆ ವಿಚಾರವನ್ನು ಎಂದೂ ಕೇಳಿರದಿದ್ದರೆ, ದುಃಖದ ಆ ಗಳಿಗೆಯಲ್ಲಿ ಅವರ ಬಾಯಿಂದ ಬರುವುದು ಬಹುಮಟ್ಟಿಗೆ ಬೇಡವೆಂಬ ಮಾತೇ. ಅದಕ್ಕೆ ಅವರನ್ನು ದೂಷಿಸಲಾಗದು. ಹೋದವರ ಮನಸ್ಸಿನಲ್ಲಿ ಏನಿತ್ತೆಂದು ಅವರು ಬಲ್ಲರೆ? ಬಲ್ಲವರಿಗಾದರೋ ಅದೇ ಹೊರೆಯು ಹಗುರಾಗುತ್ತದೆ. ಆಗ ಅವರು ಹೊಸದಾಗಿ ನಿರ್ಣಯಿಸಬೇಕಾದುದೇನೂ ಇಲ್ಲ, ತಮ್ಮವರ ಮಾತನ್ನು ನಡೆಸಿಕೊಟ್ಟರೆ ಸಾಕು.

ಆದುದರಿಂದ ಗೃಹಸ್ಥ ಭಕ್ತನು ಆರೋಗ್ಯದಿಂದಿರುವಾಗಲೇ, ಸಂಜೆಯ ಲಿಂಗಪೂಜೆ ಮುಗಿದು ಮನೆಯವರೆಲ್ಲ ಪ್ರಸಾದಕ್ಕೆ ಕುಳಿತ ಒಂದು ದಿನ, ಈ ಮಾತನ್ನು ತೆಗೆದು ತನ್ನ ಇಚ್ಛೆಯನ್ನು ತಿಳಿಸಬೇಕು. ಹಿರಿಯರ ಸಂದೇಹಗಳಿದ್ದರೆ ಕೇಳಬೇಕು, ಗುರುಗಳಲ್ಲಿ ವಿಚಾರಿಸಬೇಕು, ಮನೆಯಾಕೆಯ ಇಚ್ಛೆಯನ್ನೂ ಕೇಳಿ ತಿಳಿಯಬೇಕು. ಸಾವಿನ ಮಾತು ಅಮಂಗಳವೆಂದು ಹಿಂಜರಿಯುವವರುಂಟು. ಮರಣವನ್ನು ಮಹಾನವಮಿಯಂತೆ ಬರಮಾಡಿಕೊಂಡ ಶರಣರ ಮನೆಗಳಲ್ಲಿ ಆ ಹಿಂಜರಿಕೆಗೆ ಎಡೆಯಿರಕೂಡದು. ಲಕ್ಕಮ್ಮನು ಹೇಳಿದಳು, ಮಾರಯ್ಯನು ಕೇಳಿದನು. ಅಂದಿನ ಹೆಚ್ಚಿನ ಅಕ್ಕಿಯು ಅಂಗಳಕ್ಕೆ ಮರಳಿತು. ಆ ದಂಪತಿಗಳ ನಡುವೆ ನಡೆದಂತಹ ಒಂದು ಮಾತುಕತೆಯು ನಮ್ಮ ಮನೆಗಳಲ್ಲಿಯೂ ನಡೆದರೆ ತ್ರಿವಿಧ ದಾಸೋಹವು ಪೂರ್ಣವಾದೀತು.