ಜಾಲೀಗಿಡದ ಕೆಳಗೆ ಎಲೀಯನು: ರೋಗಪೀಡಿತ ವೃದ್ಧರ ಮನೋವ್ಯಥೆಯನ್ನು ಕುರಿತ ಪಾಠ

ಓದತಕ್ಕ ಭಾಗ: 1 ಅರಸುಗಳು, 19ನೆಯ ಅಧ್ಯಾಯ



ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳನ್ನು ಜಯಿಸಿದ ಎಲೀಯನು ಸ್ವಲ್ಪ ಕಾಲದೊಳಗೆ ಅಡವಿಯ ಜಾಲೀಗಿಡದ ಕೆಳಗೆ ಕೂತು, ತನಗೆ ಮರಣ ಬರಲೆಂದು ಬೇಡಿಕೊಂಡನು. ಅಂಥ ಭಕ್ತನಿಗೂ ಜೀವ ಬೇಸರವಾಯಿತು. ದೇವರು ಅವನನ್ನು ಅವಿಶ್ವಾಸಿಯೆಂದು ಗದರಿಸಲಿಲ್ಲ. ದೂತನು ಅವನನ್ನು ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೆ ಮಲಗಗೊಟ್ಟು, ಎರಡನೆಯ ಸಾರಿ ಉಣ್ಣಿಸಿದನು. ಉಪದೇಶವು ಬಂದದ್ದು ಇದಾದ ಮೇಲೆಯೇ.

ಈ ಕ್ರಮವನ್ನು ನಾವು ಒಮ್ಮೆ ಮರೆತೆವು. ನಿಪ್ಪಾಣಿಯ ಕಡೆ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಒಬ್ಬ ಅಜ್ಜಿ ಇದ್ದಳು. ಸಕ್ಕರೆ ರೋಗದಿಂದ ಆಕೆಯ ಕಾಲಿನ ಹುಣ್ಣು ಮಾಯಲಿಲ್ಲ. ಆಕೆ ಆರಾಧನೆಯನ್ನು ಬಿಟ್ಟು, ಗೋಡೆಯ ಕಡೆಗೆ ಮುಖಮಾಡಿ ಮಲಗುತ್ತಿದ್ದಳು. "ಇನ್ನು ಗುಳಿಗೆ ಯಾತಕ್ಕೆ ಉಪದೇಶಿಗಳೇ? ಕರ್ತನು ಕರಕೊಂಡರೆ ಸಾಕು" ಅಂದಳು. ಹೆಚ್ಚಾಗಿ ಪ್ರಾರ್ಥಿಸಿರಿ ಎಂದಷ್ಟೇ ಹೇಳಿ ನಾವು ಹಿಂದಿರುಗಿದೆವು. ತನ್ನ ವಿಶ್ವಾಸ ಸತ್ತುಹೋಯಿತೆಂದು ಆಕೆ ಆ ರಾತ್ರಿಯೆಲ್ಲಾ ಅತ್ತಳೆಂದು ಮಗಳು ಆಮೇಲೆ ತಿಳಿಸಿದಳು. ರೋಗದ ಭಾರದ ಮೇಲೆ ನಾವು ಪಾಪದ ಭಾರವನ್ನೂ ಹೊರಿಸಿದ್ದೆವು.

ಇಂಥ ವ್ಯಥೆಯು ಅವಿಶ್ವಾಸವಲ್ಲ, ಮುಪ್ಪಿನ ಸ್ವಭಾವವೂ ಅಲ್ಲ. ಅದು ಖಿನ್ನತೆ ಎಂಬ ರೋಗ. ಸಕ್ಕರೆ ರೋಗವುಳ್ಳವರಲ್ಲಿ ಅದು ಇತರರಿಗಿಂತ ಸುಮಾರು 2 ಪಟ್ಟು ಹೆಚ್ಚು. ಲಕ್ವ ಹೊಡೆದವರಲ್ಲಿ ಸುಮಾರು 3ರಲ್ಲಿ ಒಬ್ಬರಿಗೆ ಬರುವದು. ಮನಸ್ಸು ಕುಂದಿದವನು ಔಷಧವನ್ನೂ ಪಥ್ಯವನ್ನೂ ಬಿಡುವನು. ಅದರಿಂದ ದೇಹದ ರೋಗ ಬೆಳೆಯುವದು. ಅದು ಬೆಳೆದಂತೆ ಮನಸ್ಸು ಇನ್ನೂ ಕುಂದುವದು.

ಗುರುತುಗಳು ಇವು: 2 ವಾರಗಳಿಗೂ ಹೆಚ್ಚಾಗಿ ನಿದ್ದೆ ಕೆಡುವದು, ಊಟ ರುಚಿಸದಿರುವದು, ಮೊಮ್ಮಕ್ಕಳ ಮಾತೂ ಬೇಡವಾಗುವದು, ತಾನು ಮನೆಗೆ ಹೊರೆಯೆಂದು ಪದೇ ಪದೇ ಹೇಳುವದು. ಒಂದೆರಡು ದಿನಗಳಲ್ಲಿಯೇ ಬುದ್ಧಿ ಕಲಕಿ ಮನೆಯವರ ಗುರುತು ತಪ್ಪಿದರೆ ಅದು ಬೇರೆ ಅಪಾಯ. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

1894ರಲ್ಲಿ ಮಿಶನರಿಯಾದ ಡಾಕ್ಟರ್ ವಾನ್ಲೆಸ್ ಅವರು ಕಾಗವಾಡಕ್ಕೆ ಸಮೀಪವಾದ ಮಿರಜಿನಲ್ಲಿ ಆಸ್ಪತ್ರೆಯನ್ನು ತೆರೆದರು. ಹೊಟ್ಟೆಯ ಗಡ್ಡೆಗಾಗಿ ವೈದ್ಯರ ಬಳಿಗೆ ಹೋಗುವವನನ್ನು ನಾವು ಅವಿಶ್ವಾಸಿ ಅನ್ನುವದಿಲ್ಲ. ಮನಸ್ಸಿಗಾಗಿ ಹೋಗುವವನನ್ನು ಯಾಕೆ ಅನ್ನಬೇಕು?

ಆದದರಿಂದ ನಾವು ಮಾಡತಕ್ಕದ್ದು:

ಮೊದಲನೆಯದು, ಸಂಗಡವಿರುವದು. ಎಲೀಯನು ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಹೋದನು. ತಾನೊಬ್ಬನೇ ಉಳಿದೆನೆಂದು ದುಃಖಿಸಿದನು. ದೇವರು ಉಳಿದ ಏಳು ಸಾವಿರ ಜನರನ್ನು ನೆನಪಿಗೆ ತಂದು, ಎಲೀಷನನ್ನು ಜೊತೆಗೆ ಕೊಟ್ಟನು. ರಾಯಬಾಗ, ಚಿಕ್ಕೋಡಿಯ ಹಳ್ಳಿಗಳಲ್ಲಿ ಮನೆಯವರು ಕಬ್ಬಿನ ಹೊಲಕ್ಕೆ ಹೋದಾಗ ಮುದುಕರು ಹಗಲೆಲ್ಲಾ ಒಂಟಿ. ಸಭೆಯ ಕುಟುಂಬಗಳು ಸರದಿಯಂತೆ ಹೋಗಿ, ಸಂಗಡ ಉಂಡು, ಗುಳಿಗೆ ನುಂಗಿಸಿ, ಮಾತು ಕೇಳಲಿ.

ಎರಡನೆಯದು, ವೈದ್ಯರಿಗೆ ತೋರಿಸುವದು. ಮೊದಲು ತಾಲೂಕು ಆಸ್ಪತ್ರೆಯಲ್ಲಿ ಕೇಳಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯೂ ಉಂಟು. 2022ರ ಅಕ್ಟೋಬರದಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತಾಡಬಹುದು. ಔಷಧದ ಗುಣ ತಿಳಿಯಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ಬಿಡಬೇಡಿರಿ.

ಮೂರನೆಯದು, ಸಾವಿನ ಮಾತು ಬಂದರೆ ಗದರಿಸದೆ ಕೇಳಿ, ಅವರನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆ ಹೊಡೆಯುವ ಔಷಧವನ್ನು ಬೀಗದೊಳಗೆ ಇಡಿರಿ.

ಆ ಅಜ್ಜಿಯ ಬಳಿಗೆ ನಾವು ತಿರಿಗಿ ಹೋಗಿ ಕ್ಷಮೆ ಕೇಳಿದೆವು. ಮಗಳ ಸಂಗಡ ವೈದ್ಯರ ಬಳಿಗೂ ಹೋದೆವು. ಹುಣ್ಣು ಇನ್ನೂ ಪೂರಾ ಮಾಯಲಿಲ್ಲ. ಆದರೆ ಆಕೆ ಈಗ ಗುಳಿಗೆ ಬಿಡುವದಿಲ್ಲ. ಸಂಜೆಯ ಪ್ರಾರ್ಥನೆಗೆ ಕೋಲೂರಿ ಬರುತ್ತಾಳೆ.

ಪ್ರಶ್ನೆಗಳು: 1. ದೇವರು ಎಲೀಯನಿಗೆ ಮೊದಲು ಏನು ಕೊಟ್ಟನು? 2. ನಮ್ಮ ಊರಲ್ಲಿ ಜಾಲೀಗಿಡದ ಕೆಳಗೆ ಕೂತವರು ಯಾರು? 3. ಈ ವಾರ ಅವರ ಬಳಿಗೆ ಯಾರು ಹೋಗುವರು?