ಹಿತ್ತಲ ಕೋಳಿಗೆ ನರಿಯ ಕಾಟ: ನಿವಾರಣೆಯ ಕ್ರಮಗಳು

ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಆಳೆತ್ತರಕ್ಕೆ ಬೆಳೆದು, ಕಟಾವಾಗಿ, ರಾಶಿಯೂ ಮುಗಿದು, ಅಷ್ಟು ದಿನ ಹಸಿರು ಮರೆಯಾಗಿದ್ದ ಎರೆಹೊಲಗಳು ಬಟ್ಟಬಯಲಾಗುವ ಹೊತ್ತಿಗೆ, ಕಲಬುರಗಿಯ ಸುತ್ತಲಿನ ಬಡಾವಣೆಗಳಲ್ಲಿಯೂ ಕಮಲಾಪುರ ತಾಲ್ಲೂಕಿನ ಹಳ್ಳಿಗಳಲ್ಲಿಯೂ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿಕೊಂಡವರು ವಿಶೇಷ ಜಾಗರೂಕತೆಯಿಂದ ಇರಬೇಕಾದ ಕಾಲವು ಪ್ರಾರಂಭವಾಗುತ್ತದೆ. ಚಳಿಗಾಲದಲ್ಲಿ ಜೊತೆಗೂಡಿದ ನರಿಗಳು ಸುಮಾರು 50 ದಿನಗಳ ಗರ್ಭಾವಧಿಯ ತರುವಾಯ ಫೆಬ್ರುವರಿಯಿಂದ ಏಪ್ರಿಲ್ ತಿಂಗಳವರೆಗೆ ಮರಿ ಹಾಕುವುದರಿಂದ, ಬಿಲದಲ್ಲಿರುವ ಮರಿಗಳಿಗೆ ಆಹಾರವನ್ನು ಹೊತ್ತೊಯ್ಯುವ ಭಾರವು ಅವುಗಳ ಮೇಲೆ ಬೀಳುವುದೂ, ಹೊಲದಲ್ಲಿ ಮರೆ ಇಲ್ಲದಾಗುವುದೂ ಹೆಚ್ಚುಕಡಿಮೆ ಏಕಕಾಲದಲ್ಲಿ ಸಂಭವಿಸುತ್ತವೆ. ಮೊಟ್ಟೆ ಮಾರಿ ಬಂದ ಹಣದಿಂದ ಸಂತೆಯ ಖರ್ಚನ್ನು ತೂಗಿಸುವ ಗೃಹಿಣಿಗೆ ಎರಡು ಹೇಂಟೆ ಹೋದರೂ ಅದು ಅಲ್ಪ ನಷ್ಟವಲ್ಲ.

ಕಳ್ಳನನ್ನು ಗುರುತಿಸುವುದು

ಕೋಳಿ ಕಾಣೆಯಾದೊಡನೆ ನರಿಯ ಮೇಲೆ ಅಪವಾದ ಹೊರಿಸುವುದು ರೂಢಿಯಾದರೂ, ಪರೀಕ್ಷಿಸದೆ ಹಾಗೆ ನಿಶ್ಚಯಿಸಲಾಗದು. ನಮ್ಮ ಬಯಲುಸೀಮೆಯ ನರಿಯು ಎರಡರಿಂದ ನಾಲ್ಕು ಕಿಲೋ ತೂಗುವ, ಬಾಲದ ತುದಿ ಕಪ್ಪಾಗಿರುವ ಸಣ್ಣ ಪ್ರಾಣಿ. ಇಲಿ, ಗೆದ್ದಲು, ಮಿಡತೆ, ಓತಿ, ಬಾರಿಹಣ್ಣುಗಳೇ ಅದರ ನಿತ್ಯಾಹಾರ. ಸಂಜೆಗತ್ತಲಲ್ಲಿ ಊಳಿಡುವ ಗುಳ್ಳೆನರಿಯು ಅದಕ್ಕಿಂತ ಬಹಳ ದೊಡ್ಡದು. ಇವೆರಡೂ ಸಾಮಾನ್ಯವಾಗಿ ಕೋಳಿಯನ್ನು ಇಡಿಯಾಗಿ ಹೊತ್ತೊಯ್ಯುವುದರಿಂದ ಸ್ಥಳದಲ್ಲಿ ಪುಕ್ಕಗಳಲ್ಲದೆ ಬೇರೇನೂ ಉಳಿಯದು. ಕುತ್ತಿಗೆ ಅಥವಾ ತಲೆಯನ್ನಷ್ಟೇ ತಿಂದು ಒಡಲನ್ನು ಬಿಟ್ಟಿದ್ದರೆ ಮುಂಗುಸಿ ಇಲ್ಲವೆ ಪುನುಗುಬೆಕ್ಕನ್ನು ಶಂಕಿಸಬೇಕು. ಹಲವು ಕೋಳಿಗಳು ಕಚ್ಚಿಸಿಕೊಂಡು, ತಿನ್ನಲ್ಪಡದೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಅದು ಬಹುಮಟ್ಟಿಗೆ ಬೀದಿನಾಯಿಯ ಕೃತ್ಯ. ನಗರದ ಒಳಭಾಗದಲ್ಲಿ ನರಿಗಿಂತ ಮೊದಲು ನಾಯಿ ಮತ್ತು ಮುಂಗುಸಿಗಳನ್ನೇ ಸಂದೇಹಿಸುವುದು ಯುಕ್ತ.

ಸಂಶಯ ಉಳಿದರೆ, ರಾತ್ರಿ ಗೂಡಿನ ಸುತ್ತ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಬೆಳಗಾಗುತ್ತಲೇ ನೋಡತಕ್ಕದ್ದು. ನಾಲ್ಕು ಬೆರಳಿನ, ನೀಳವಾದ, ಉಗುರಿನ ಗುರುತುಳ್ಳ ಸಣ್ಣ ಹೆಜ್ಜೆಯು ನರಿಯದು. ದುಂಡಗಾಗಿದ್ದು ಉಗುರು ಮೂಡದಿದ್ದರೆ ಬೆಕ್ಕಿನ ಜಾತಿಯದು. ಐದು ಬೆರಳು ಮೂಡಿದ್ದರೆ ಮುಂಗುಸಿಯೋ ಪುನುಗುಬೆಕ್ಕೋ ಇರಬೇಕು.

ಕೊಲ್ಲುವುದೇಕೆ ಸಲ್ಲದು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇರೆಗೆ ನರಿ, ಗುಳ್ಳೆನರಿಗಳೆರಡೂ ಒಂದನೆಯ ಅನುಸೂಚಿಗೆ ಸೇರಿದ್ದು, ಅವನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸವೂ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ವಿಧಿಸಲ್ಪಡುತ್ತವೆ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಸತ್ತ ಕೋಳಿಗೆ ವಿಷ ಸವರಿ ಇಟ್ಟರೆ ಅದನ್ನು ಮೊದಲು ತಿನ್ನುವುದು ನರಿಯೇ ಎಂಬ ಭರವಸೆ ಏನು? ನೆರೆಮನೆಯ ನಾಯಿ, ಬೆಕ್ಕು, ಹದ್ದುಗಳಿಗೂ ಅದೇ ಮೃತ್ಯು. ಬೇಲಿಗೆ ಮನೆಯ ವಿದ್ಯುತ್ತನ್ನು ಹಾಯಿಸುವುದಂತೂ ಮನುಷ್ಯರ ಪ್ರಾಣಕ್ಕೇ ಎರವಾಗುವ ಅಪರಾಧ. ಅಲ್ಲದೆ, ಕಣಜಕ್ಕೂ ಪೈರಿಗೂ ಶತ್ರುವಾದ ಇಲಿಯನ್ನು ಕೂಲಿ ಕೇಳದೆ ಹಿಡಿಯುವ ಪ್ರಾಣಿಯನ್ನು ಕೊಂದು, ಆಮೇಲೆ ಇಲಿಪಾಷಾಣಕ್ಕೆ ಹಣ ತೆರುವುದು ಒಕ್ಕಲುತನದ ಲೆಕ್ಕಕ್ಕೆ ಹೊಂದುವುದಿಲ್ಲ.

ಗೂಡು ಹೇಗಿರಬೇಕು

ನರಿಯ ಚಾತುರ್ಯವನ್ನು ಕುರಿತ ಕಥೆಗಳು ಎಷ್ಟೇ ಇರಲಿ, ವಾಸ್ತವದಲ್ಲಿ ಅದು ಒಳನುಗ್ಗುವುದು ಮೂರೇ ದಾರಿಗಳಿಂದ: ತೆರೆದ ಬಾಗಿಲು, ಹರಿದ ಜಾಲರಿ, ಅಡಿಯ ಮಣ್ಣು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಗೋಡೆಯ ಬುಡದಲ್ಲಿ ಸಂದು ಮಾಡುವುದರಿಂದ ಮೂರನೆಯದು ನಮ್ಮಲ್ಲಿ ಮುಖ್ಯ. ಇದಕ್ಕೆ ನಮ್ಮ ಜಿಲ್ಲೆಯ ಶಹಾಬಾದಿನ ಫರಸಿಯೇ ಉತ್ತಮ ಪರಿಹಾರ. ಮನೆ ಕಟ್ಟಿಸಿದಾಗ ಮಿಕ್ಕ ತುಂಡುಗಲ್ಲುಗಳನ್ನು ಗೂಡಿನ ನೆಲಕ್ಕೆ ಒತ್ತಾಗಿ ಹಾಸಿ, ಹೊರಗೂ ಒಂದು ಅಡಿಯಷ್ಟು ಚಾಚಿದರೆ ಯಾವ ಪ್ರಾಣಿಯೂ ಕೆರೆದು ಒಳಬರಲಾರದು. ಕಲ್ಲು ದೊರೆಯದಿದ್ದರೆ ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂಳಿ, ತುದಿಯನ್ನು ಹೊರಮುಖವಾಗಿ ಮಡಿಸಬೇಕು.

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಆರುಮೂಲೆ ಕಣ್ಣಿನ ತೆಳುತಂತಿಯ ಜಾಲರಿಯು ಕೋಳಿಯನ್ನು ಒಳಗಿಡಬಲ್ಲದೇ ಹೊರತು ನಾಯಿಯನ್ನೋ ಗುಳ್ಳೆನರಿಯನ್ನೋ ಹೊರಗಿಡಲಾರದು. ಆದುದರಿಂದ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿಯನ್ನೇ ಕೊಳ್ಳಬೇಕು. ತೊಗರಿಕಟ್ಟಿಗೆಯ ತಡಿಕೆ ಹಗಲಿನ ಮರೆಗೆ ಸಾಕು, ರಾತ್ರಿಯ ರಕ್ಷಣೆಗೆ ಸಾಲದು. ಹತ್ತು ಕೋಳಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡು, ಒಳಗೆ ಎರಡು ಅಡಿ ಎತ್ತರದಲ್ಲಿ ಕೂರುವ ಅಡ್ಡಕೋಲು, ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಇಷ್ಟಿದ್ದರೆ ಸಾಕು. ನಮ್ಮ ಬೇಸಿಗೆಯ ಉರಿಯನ್ನು ನೆನೆದು ಎರಡು ಪಕ್ಕಗಳನ್ನಾದರೂ ಜಾಲರಿಯಿಂದ ಗಾಳಿಯಾಡುವಂತೆ ಬಿಡತಕ್ಕದ್ದು. ಭಯದಿಂದ ನಾಲ್ಕೂ ಕಡೆ ತಗಡು ಬಡಿದರೆ, ನರಿಯು ಒಯ್ಯದ ಕೋಳಿಯನ್ನು ಸೆಕೆಯು ಕೊಲ್ಲುತ್ತದೆ.

ದಿನಚರಿ ಮತ್ತು ತಳಿ

ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು. ಸಂಜೆಯ ಜೋಳದ ಕಾಳನ್ನು ಅಂಗಳದಲ್ಲಿ ಎರಚದೆ ಗೂಡಿನೊಳಗೇ ಹಾಕುವ ಅಭ್ಯಾಸ ಮಾಡಿದರೆ, ಹೊತ್ತು ಮುಳುಗುವ ಮುನ್ನ ಅವು ತಾವಾಗಿಯೇ ಒಳಸೇರುತ್ತವೆ; ಎಣಿಸಿ ಚಿಲಕ ಹಾಕಿ, ಚೆನ್ನಾಗಿ ಬೆಳಕು ಹರಿದ ಮೇಲೆ ಬಿಡಬೇಕು. ಸತ್ತ ಕೋಳಿಯನ್ನೂ ಮಾಂಸದ ಕಸವನ್ನೂ ತಿಪ್ಪೆಗೆ ಎಸೆಯದೆ ಆಳವಾಗಿ ಹೂಳುವುದು, ಗೂಡಿನ ಸುತ್ತಲಿನ ಜಾಲಿಪೊದೆಯನ್ನು ಸವರುವುದು, ಬಾಳೆತೋಟದಲ್ಲಿ ಮನೆಯಿರುವ ಕಮಲಾಪುರದವರು ಒಣಗಿದ ಎಲೆ ಮತ್ತು ಕಂದುಗಳ ರಾಶಿಯನ್ನು ಗೂಡಿನಿಂದ ದೂರವಿಡುವುದು ಅಗತ್ಯ. ತಳಿಯ ವಿಷಯದಲ್ಲಿಯೂ ವಿವೇಚನೆ ಬೇಕು: ಗಿರಿರಾಜವು ಮೈತುಂಬಿದ ಕೋಳಿಯಾದರೂ ಭಾರದಿಂದ ಚುರುಕಾಗಿ ಓಡಲಾರದು, 2005ರಲ್ಲಿ ಹೆಬ್ಬಾಳದಿಂದ ಬಿಡುಗಡೆಯಾದ ಸ್ವರ್ಣಧಾರೆಯು ಅದಕ್ಕಿಂತ ಹಗುರವಾಗಿರುವುದರಿಂದ ಶತ್ರುಗಳಿಂದ ತಪ್ಪಿಸಿಕೊಳ್ಳುವುದರಲ್ಲಿ ಮೇಲು, ಮೊಟ್ಟೆಯನ್ನೂ ಅಧಿಕವಾಗಿ ಇಡುತ್ತದೆ.

ಹಾಡುಹಗಲಲ್ಲಿ ಅಂಜದೆ ಮನೆಯೊಳಗೆ ನುಗ್ಗುವ, ತೂರಾಡುವ, ಕಂಡವರ ಮೇಲೆರಗುವ ನರಿಗೆ ಹುಚ್ಚುರೋಗ ತಗುಲಿರಬಹುದು. ಅದನ್ನು ಹಿಡಿಯಹೋಗದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳತಕ್ಕದ್ದು. ಸಾಕಿದ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ತಪ್ಪಿಸಬಾರದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನಮ್ಮ ಹಿತ್ತಲಿಗೆ ಅನ್ವಯಿಸದಿರಬೇಕಾದರೆ, ಗೂಡಿನ ದುರಸ್ತಿಯೆಲ್ಲವೂ ಎಳ್ಳಮಾವಾಸ್ಯೆಯ ಒಳಗೆ ಮುಗಿದಿರಬೇಕು. ಅಂದು ಮನೆಮಂದಿಯೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುವುದರಿಂದ ಮನೆ ಬರಿದಾಗುತ್ತದೆ. ಬುತ್ತಿ ಕಟ್ಟಿ ಬಂಡಿ ಹತ್ತುವ ಮೊದಲು ಕೋಳಿಗಳಿಗೆ ನೀರಿಟ್ಟು, ಎರಡೂ ಚಿಲಕ ಹಾಕಿ ಹೊರಡುವುದು ಲೇಸು.