ಇಂದಿನ ಧಮ್ಮ ಚಿಂತನೆ: ‘ಸತ್ತ’ ಎಂಬ ಪದ



ಹೋದ ತಿಂಗಳು ನಮ್ಮ ಬಳಗದವರು ಸಾವಾದ ಮನೆಯೊಂದಕ್ಕೆ ಹೋಗಿದ್ದೆವು. ತೀರಿಕೊಂಡವನು ಇನ್ನೂ ಚಿಕ್ಕ ವಯಸ್ಸಿನವನು. ತಿಸರಣ, ಪಂಚಶೀಲ ಮುಗಿಸಿ ಮೆತ್ತಾ ಪಠಣ ಶುರು ಮಾಡಿದೆವು. ಅದರಲ್ಲಿ ‘ಸಬ್ಬೇ ಸತ್ತಾ’ ಎಂಬ ಮಾತು ಮತ್ತೆ ಮತ್ತೆ ಬರುತ್ತದಲ್ಲ, ಮೂರನೆಯ ಸಲಕ್ಕೆ ಅವನ ತಾಯಿ ಎದ್ದು ನಿಂತುಬಿಟ್ಟರು.

“ಸತ್ತ ಸತ್ತ ಅಂತ ಎಷ್ಟು ಸಲ ಹೇಳ್ತೀರಪ್ಪಾ? ನಂಗೊತ್ತಿಲ್ವಾ?”

ಪಠಣ ನಿಂತಿತು. ನಾನು ಮೇಷ್ಟ್ರು ನೋಡಿ, ಸುಮ್ಮನಿರಲಾಗಲಿಲ್ಲ. “ಅದು ಕನ್ನಡ ಅಲ್ಲಮ್ಮ, ಪಾಲಿ. ಅಲ್ಲಿ ಸತ್ತ ಅಂದ್ರೆ ಜೀವಿ” ಎಂದೆ. ಆಕೆ ಮಾತಾಡದೆ ಒಳಗೆ ಹೋದರು. ನಾನು ಕೊಟ್ಟ ಅರ್ಥ ಸರಿಯಾಗಿಯೇ ಇತ್ತು. ಕೊಟ್ಟ ಹೊತ್ತು ಸರಿಯಿರಲಿಲ್ಲ.

ಕನ್ನಡದ ‘ಸತ್ತ’ ಸಾಯು ಧಾತುವಿನಿಂದ ಬಂದದ್ದು. ತಮಿಳಿನ ‘ಸೆತ್ತ’ ಅದರ ಒಡಹುಟ್ಟು. ಆದರೆ ನಮ್ಮವರು ಹೋದಾಗ ಈ ಪದ ನಮ್ಮ ಬಾಯಿಗೆ ಬರುವುದಿಲ್ಲ, ಗಮನಿಸಿ. ತೀರಿಕೊಂಡರು, ಹೋಗಿಬಿಟ್ಟರು, ಕಾಲವಾದರು ಎನ್ನುತ್ತೇವೆ. ‘ಸತ್ತ’ ಎನ್ನುವುದು ನಂಟಿಲ್ಲದವರಿಗೆ, ಇಲ್ಲವೇ ಸಿಟ್ಟಿನಲ್ಲಿ. ಆ ತಾಯಿಯ ಕಿವಿಗೆ ಬಿದ್ದದ್ದು ಅಂಥ ಮಾತು. ಅದೂ ನಾಲ್ಕಾರು ಜನ ಕೈಮುಗಿದುಕೊಂಡು ರಾಗವಾಗಿ ಹೇಳುತ್ತಿದ್ದರು.

ಪಾಲಿ ಕನ್ನಡದ ನಂಟಿನ ಭಾಷೆಯಲ್ಲ, ಅದು ಸಂಸ್ಕೃತದ ಕುಟುಂಬದ್ದು. ಅದರಲ್ಲಿ ಒತ್ತಕ್ಷರ ಬೇರೆಯಾಗಿದ್ದರೆ ಎಷ್ಟೋ ಕಡೆ ಸಜಾತಿ ಒತ್ತಾಗಿಬಿಡುತ್ತದೆ. ಸಂಸ್ಕೃತದ ‘ಸತ್ವ’ ಅಲ್ಲಿ ‘ಸತ್ತ’. ಬೋಧಿಸತ್ವ ಬೋಧಿಸತ್ತ ಆದದ್ದು ಹೀಗೆ. ‘ಸಪ್ತ’ ಕೂಡ ಸತ್ತವೇ. ನಾವು ಓದುವ ಸತ್ತ ಬೊಜ್ಝಂಗ ಎಂದರೆ ಏಳು ಬೋಧಿ ಅಂಗಗಳು. ಮೂರನೆಯದು ‘ಸಕ್ತ’, ಅಂದರೆ ಅಂಟಿಕೊಂಡದ್ದು. ಅದೂ ಸತ್ತ. ಕನ್ನಡದಲ್ಲಿ ಬಳಸುವ ಆಸಕ್ತಿ ಇದೇ ಮೂಲದ್ದು.

ಈ ಮೂರನೆಯ ಅರ್ಥವನ್ನು ಬುದ್ಧರೇ ಒಂದು ಕಡೆ ಹಿಡಿದುಕೊಂಡಿದ್ದಾರೆ. ಸಂಯುತ್ತ ನಿಕಾಯದ ರಾಧ ಸಂಯುತ್ತದಲ್ಲಿ ಭಿಕ್ಷು ರಾಧ ಕೇಳುತ್ತಾನೆ: ಸತ್ತ, ಸತ್ತ ಎನ್ನುತ್ತಾರಲ್ಲ, ಯಾವುದರಿಂದ ಒಬ್ಬನನ್ನು ಸತ್ತ ಎನ್ನುವುದು? ರೂಪದಲ್ಲಿ, ವೇದನೆಯಲ್ಲಿ, ಸಂಜ್ಞೆ, ಸಂಸ್ಕಾರ, ವಿಜ್ಞಾನಗಳಲ್ಲಿ ಇರುವ ಆಸೆಯಿಂದ ಅಂಟಿಕೊಂಡಿರುವುದರಿಂದಲೇ ಸತ್ತ ಎನ್ನುವುದು ಎಂದು ಬುದ್ಧರ ಉತ್ತರ. ವ್ಯಾಕರಣ ಓದಿದ ನನ್ನಂಥವನು ‘ಸತ್ವ ಬೇರೆ, ಸಕ್ತ ಬೇರೆ’ ಎಂದು ತಕರಾರು ತೆಗೆಯಬಹುದು. ಅವರು ನಿಘಂಟು ಬರೆಯುತ್ತಿರಲಿಲ್ಲ. ಕಿವಿಗೆ ಒಂದೇ ಆಗಿ ಕೇಳುವ ಪದದಿಂದಲೇ ಪಾಠ ಮಾಡಿದರು.

ಅಲ್ಲೇ ಮಕ್ಕಳ ಮಣ್ಣಿನ ಮನೆಯ ಹೋಲಿಕೆಯೂ ಇದೆ. ಆಸೆ ಇರುವವರೆಗೂ ಮಕ್ಕಳು ಆ ಮನೆ ನನ್ನದು ಎಂದು ಕಾಯುತ್ತವೆ. ಆಸೆ ತೀರಿದ ಮೇಲೆ ತಮ್ಮದೇ ಕೈಕಾಲುಗಳಿಂದ ಕೆದರಿ ಹಾಕುತ್ತವೆ. ಶಾಲೆಯ ಅಂಗಳದಲ್ಲಿ ದಿನವೂ ನೋಡುತ್ತೇನೆ, ಬೆಲ್ ಹೊಡೆದರೆ ಸಾಕು. ಆದರೆ ಬೇರೆಯವರು ತುಳಿದರೆ ಅದೇ ಮಗು ಗೋಳೋ ಎಂದು ಅಳುತ್ತದೆ. ಆ ತಾಯಿಯ ಮನೆಯನ್ನು ತುಳಿದದ್ದು ಅವರ ಕಾಲಲ್ಲ. ಹಾಗಾಗಿ ಈ ಸುತ್ತವನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ, ಈಗಲೂ ಇಲ್ಲ.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆವು. ಈ ಸಲ ಪಠಣಕ್ಕೆ ಮೊದಲೇ ಕನ್ನಡದಲ್ಲಿ ಹೇಳಿದೆ: ಎಲ್ಲ ಜೀವಿಗಳೂ ಸುಖವಾಗಿರಲಿ ಅಂತ ಇದರ ಅರ್ಥ, ‘ಸತ್ತಾ’ ಅಂದರೆ ಜೀವಿಗಳು. ಆಕೆ ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:

“ಎಲ್ಲ ಜೀವಿಗಳು ಅಂದ್ರಲ್ಲ ಮೇಷ್ಟ್ರೇ, ಅದ್ರಲ್ಲಿ ನಮ್ಮುಡುಗನೂ ಸೇರ್ತಾನಾ?”

“ಅವನನ್ನ ಸೇರಿಸಿಕೊಂಡೇ ಹೇಳ್ತೀವಮ್ಮ” ಎಂದೆ.

“ಹಂಗಾದ್ರೆ ಹೇಳಿ” ಎಂದು ಸೆರಗು ಸರಿಮಾಡಿಕೊಂಡು ಕೈಮುಗಿದರು.